ಅಚ್ಚುತನ ಅಂಗಳದ ರೈಲುಬೋಗಿ

ಅಂಗಳದಲ್ಲಿ ರೈಲು ಇಟ್ಟುಕೊಂಡವನ ಕಷ್ಟ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನೂಜಿಪಾಡಿ ಸೊಸೈಟಿಯ ಗುಮಾಸ್ತ ಅಚ್ಚುತ ಗೌಡನಿಗೆ ಆ ಕಷ್ಟ ಬಂದದ್ದು ಉಪಚಾರಕ್ಕೆ ಆಡಿದ ಒಂದು ಮಾತಿನಿಂದ.

ಪುತ್ತೂರು, ಕಡಬದ ಕಡೆಗೆ ರೈಲು ಬರುತ್ತದೆ ಎಂಬ ಸುದ್ದಿ ಹಬ್ಬಿದ್ದ ಕಾಲ ಅದು. ಅಳತೆಯವರು ಬಂದು ಗುಡ್ಡದ ಮೇಲೆ ಕಲ್ಲು ನೆಟ್ಟು ಹೋಗಿದ್ದರು. ಕಲ್ಲು ಇತ್ತು, ರೈಲು ಇರಲಿಲ್ಲ. ಅಷ್ಟು ದಿನ ಕಾಯುವ ತಾಳ್ಮೆ ನೂಜಿಪಾಡಿ ಯುವಕ ಮಂಡಲಕ್ಕೂ ಇರಲಿಲ್ಲ. ಮಂಗಳೂರಿನಲ್ಲಿ ಹರಾಜಿಗೆ ಬಂದ ಹಳೇ ಬೋಗಿಯೊಂದನ್ನು ಅವರು ಹಿಡಿದು ತಂದೇ ಬಿಟ್ಟರು. ಬಿಳಿ ಸಾಹೇಬರು ಹಳಿ ಪರೀಕ್ಷೆಗೆಂದು ಕೂತು ತಿರುಗುತ್ತಿದ್ದ, ನಾಲ್ಕೇ ಗಾಲಿಯ, ಸಾಗುವಾನಿ ಮರದ ಪುಟ್ಟ ಬೋಗಿ. ಅದನ್ನು ಕೆರೆದು, ತಿಕ್ಕಿ, ಬಣ್ಣ ಬಳಿದು, ಶಾಲೆಯ ಪಕ್ಕ ನಿಲ್ಲಿಸಿ ಊರಿಗೊಂದು ವಾಚನಾಲಯ ಮಾಡಬೇಕೆಂದು ಮಂಡಲದ ಅಧ್ಯಕ್ಷ ಯಜ್ಞೇಶ್ವರ ಕನಸು ಕಂಡಿದ್ದ.

ಮರದ ವ್ಯಾಪಾರದ ಮೊಯ್ದೀನ್ ಬ್ಯಾರಿಯ ಲಾರಿ ಬೋಗಿಯನ್ನು ಹೊತ್ತು ತಂದ ದಿನ ನೋಡಿದರೆ ಶಾಲೆಯ ದಾರಿಯಲ್ಲಿ ತೋಡು ದಾಟಲು ಹಾಕಿದ್ದ ಮರದ ಸಂಕ ಆ ಭಾರ ತಡೆಯುವಂತಿರಲಿಲ್ಲ. ಸಂಕದ ಈಚೆಗೆ ಮೊದಲ ಮನೆ ಅಚ್ಚುತನದು. ಬಿಸಿಲಿಗೆ ಒಣಗುತ್ತಿದ್ದವರನ್ನು ಕಂಡು ಅವನ ಮನಸ್ಸು ಕರಗಿತು.

"ಅದಕ್ಕೆಂತ, ನಮ್ಮ ಅಂಗಳದಲ್ಲೇ ಇಳಿಸಿ. ಸಂಕ ಸರಿ ಆಗುವ ವರೆಗೆ ನಾಲ್ಕು ದಿನ ಇರ್ಲಿ" ಎಂದ.

ಅವರು ಎರಡು ತುಂಡು ಹಳಿ ಹಾಸಿ, ಅದರ ಮೇಲೆ ಬೋಗಿಯನ್ನು ನಿಲ್ಲಿಸಿ, ಗಾಲಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟು ಹೋದರು. ನಾಲ್ಕು ದಿನ ಹೋಗಿ ಇಡೀ ಒಂದು ಮಳೆಗಾಲ ಕಳೆಯಿತು. ಬೋಗಿ ಮಿಸುಕಲಿಲ್ಲ.

ಬೋಗಿ ಸುಮ್ಮನೆ ನಿಂತಿದ್ದರೆ ಅಚ್ಚುತ ಹೇಗೋ ಸಹಿಸುತ್ತಿದ್ದ. ಪ್ರತಿ ಭಾನುವಾರ ಅದರ ಬೆನ್ನಿಗೆ ಮಂಡಲದ ಹುಡುಗರ ದಂಡು ಬರುತ್ತಿತ್ತು. ಉಪ್ಪುಕಾಗದ ಹಿಡಿದು ತಿಕ್ಕುವವರು, ತಿಕ್ಕಿದ್ದು ಸಾಲದು ಎನ್ನುವವರು, ಏನೂ ಮಾಡದೆ ಬೋಗಿಯ ನೆರಳಲ್ಲಿ ಮಲಗುವವರು. ಇದಕ್ಕೆ ಶ್ರಮದಾನ ಎಂದು ಹೆಸರು. ಶ್ರಮ ಅವರದು, ದಾನ ಅಚ್ಚುತನ ಹೆಂಡತಿ ಸೇವಂತಿಯದು. ಬೆಳಿಗ್ಗೆ ಸಜ್ಜಿಗೆ ಅವಲಕ್ಕಿ, ಮಧ್ಯಾಹ್ನ ಗಂಜಿ ಚಟ್ನಿ, ಸಂಜೆ ಕಾಪಿ. ಒಲೆಯ ಮುಂದೆ ಕೂತು ಕೂತು ಅವಳಿಗೆ ಭಾನುವಾರ ಎಂದರೆ ಜ್ವರ ಬರುವಂತಾಗಿತ್ತು.

ಇದೂ ಹೋಗಲಿ. ಅಚ್ಚುತನಿಗೆ ಮದುವೆಯ ವಯಸ್ಸಿಗೆ ಬಂದ ತಂಗಿ ಇದ್ದಳು, ಲೋಲಾಕ್ಷಿ. ತಂದೆ ತಾಯಿ ಇಲ್ಲದ ಹುಡುಗಿ. ಅವಳನ್ನು ಒಳ್ಳೆಯ ಮನೆಗೆ ಸೇರಿಸಬೇಕೆಂಬ ಒಂದೇ ಚಿಂತೆ ಅವನನ್ನು ಹಗಲಿರುಳು ಕೊರೆಯುತ್ತಿತ್ತು. ಹಿಂದಿನ ತಿಂಗಳು ಕಲ್ಲುಗುಂಡಿಯಿಂದ ನೋಡಲು ಬಂದಿದ್ದರು. ಹುಡುಗನ ಮಾವ ಬೋಗಿಗೆ ಒರಗಿ ನಿಂತು ಎಲೆ ಅಡಿಕೆ ಹಾಕಿಕೊಂಡರು. ಹೊರಡುವಾಗ ಅವರ ಬಿಳಿ ಜುಬ್ಬದ ಬೆನ್ನಿನಲ್ಲಿ ಕೈಯಗಲದ ಕೆಂಪು ಪಟ್ಟಿ ಇತ್ತು. ಅದನ್ನು ಕಂಡು ಮಂಡಲದ ಹುಡುಗನೊಬ್ಬ, "ಅಯ್ಯೋ, ಈಗಷ್ಟೇ ಕೊಟ್ಟ ಬಣ್ಣ ಹಾಳಾಯ್ತಲ್ಲ ಮಾರಾಯ್ರೆ!" ಎಂದು ಅವರನ್ನೇ ಗದರಿಸಿದ. ಕಲ್ಲುಗುಂಡಿಯಿಂದ ಆಮೇಲೆ ಸುದ್ದಿಯೇ ಬರಲಿಲ್ಲ.

ಈಗ ನೆರೆಮನೆಯ ಪೂವಮ್ಮ ಗುತ್ತಿಗಾರಿನಿಂದ ಇನ್ನೊಂದು ಸಂಬಂಧ ಕುದುರಿಸಿದ್ದಳು. ದೊಡ್ಡ ಮನೆತನ. ಹುಡುಗ ಕೃಷ್ಣಮೋಹನ ಒಳ್ಳೆಯವನಂತೆ. ಮನೆಯಲ್ಲಿ ಅಜ್ಜ ಕುಕ್ಕಪ್ಪ ಗೌಡರು ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಅವರನ್ನು ಕರೆತರಲು ಪೂವಮ್ಮ ಶನಿವಾರವೇ ಗುತ್ತಿಗಾರಿಗೆ ಹೋಗಿದ್ದಳು. ಭಾನುವಾರ ಸಂಜೆಯ ಬಸ್ಸಿಗೆ ಬರುವುದೆಂದು ಮಾತಾಗಿತ್ತು.

ಆ ಭಾನುವಾರ ಬೆಳಿಗ್ಗೆ ಸೇವಂತಿ ಪೊರಕೆ ಹಿಡಿದು ಬೋಗಿಯ ಎದುರು ನಿಂತಳು.

"ಇಲ್ಲಿ ಕೇಳಿ. ಸಂಜೆ ಅವರು ಬರುವಾಗ ಇದು ಇಲ್ಲಿ ಇರ್ಬಾರ್ದು. ಬಂದವರಿಗೆ ಚಾಪೆ ಹಾಕ್ಲಿಕ್ಕೆ ಜಾಗ ಇಲ್ಲ. ಈ ಮನೆಯವರಿಗೆ ತಲೆ ಸರಿ ಇಲ್ಲ ಅಂತ ಹೇಳಿಯಾರು. ಇದೂ ತಪ್ಪಿ ಹೋದ್ರೆ ಲೋಲಾಕ್ಷಿಯ ಮುಖ ನಾನು ಹೇಗೆ ನೋಡುದು?"

ಅಚ್ಚುತ ಓಡಿದ. ಯಜ್ಞೇಶ್ವರ ತೋಡಿನ ಬದಿಯಲ್ಲಿ ಹಲ್ಲುಜ್ಜುತ್ತಿದ್ದ.

"ಯಜ್ಞಣ್ಣ, ಇವತ್ತು ಅದನ್ನು ತೆಗೀದಿದ್ರೆ ನನ್ನ ಮರ್ಯಾದೆ ಹೋಗ್ತದೆ."

"ತಲೆಬಿಸಿ ಮಾಡ್ಬೇಡಿ ಅಚ್ಚುತಣ್ಣ. ಸಂಕ ಗಟ್ಟಿ ಆಗಿದೆ. ಮಧ್ಯಾಹ್ನ ಮೇಲೆ ಮೊಯ್ದೀನ್ ಬ್ಯಾರಿಗಳ ಲಾರಿ ಬರ್ತದೆ. ಅಷ್ಟರಲ್ಲಿ ಕೊನೆಯ ಕೈ ಬಣ್ಣ ಕೊಟ್ಟು ಮುಗಿಸುವಾ" ಎಂದ ಯಜ್ಞೇಶ್ವರ. ಅಚ್ಚುತನಿಗೆ ಹೋದ ಜೀವ ಬಂದಂತಾಯಿತು.

ಹುಡುಗರು ಬಂದರು. ಅವಲಕ್ಕಿ ತಿಂದರು. ಕೆಂಪು ಬಣ್ಣದ ಡಬ್ಬ ತೆರೆದರು. ಒಂದು ಗಳಿಗೆ ಎಲ್ಲವೂ ಸರಾಗವಾಗಿ ಸಾಗಿತು. ಬಾಗಿಲಿನ ಮೇಲೆ ಅಕ್ಷರ ಬರೆಯುವಲ್ಲಿಗೆ ಬಂದಾಗ ಕೆಲಸ ನಿಂತಿತು.

ಬೋಗಿಯ ಒಳಗೆ ಎರಡು ಕೋಣೆ. ಒಂದರಲ್ಲಿ ಸಾಹೇಬರು ಕೂರುತ್ತಿದ್ದ ಮೆತ್ತನೆಯ ಆಸನ, ಇನ್ನೊಂದರಲ್ಲಿ ಜವಾನರ ಹಲಗೆ ಬೆಂಚು. ಮೊದಲನೆಯದಕ್ಕೆ ಒಂದನೇ ದರ್ಜೆ, ಎರಡನೆಯದಕ್ಕೆ ಮೂರನೇ ದರ್ಜೆ ಎಂದು ಬರೆಯಲು ಯಜ್ಞೇಶ್ವರ ಹೇಳಿದ. ಬ್ರಶ್ಶು ಹಿಡಿದಿದ್ದ ಮಾಯಿಲಪ್ಪ ಮೆಲ್ಲ ಕೇಳಿದ, "ಮೂರನೇ ದರ್ಜೆಯಲ್ಲಿ ಕೂತು ಓದುದು ಯಾರು?"

ಅಷ್ಟೇ. ಬ್ರಶ್ಶುಗಳು ಡಬ್ಬಕ್ಕೆ ಬಿದ್ದವು. ಬೋಗಿಯ ಹೊಟ್ಟೆಯಡಿ ಮಲಗಿ ತುಕ್ಕು ಕೆರೆದವರು ತಾವು, ತಾವೇ ಮೂರನೇ ದರ್ಜೆಯಾ ಎಂದು ಅರ್ಧ ಜನ ಎದ್ದು ನಿಂತರು. ಬಣ್ಣಕ್ಕೆ ಚಂದಾ ಎತ್ತಿದವರು ತಾವು ಎಂದು ಇನ್ನರ್ಧ ಜನ. ಹೊತ್ತು ನೆತ್ತಿಗೇರುತ್ತಿತ್ತು. ಅಚ್ಚುತ ಎರಡೂ ಗುಂಪಿನ ನಡುವೆ ಕೈ ಮುಗಿದುಕೊಂಡು ಓಡಾಡಿದ.

"ಮಾರಾಯ್ರೆ, ಜಗಳ ಶಾಲೆಯ ಹತ್ರ ಹೋಗಿ ಮಾಡಿ. ಈಗ ಎರಡಕ್ಕೂ ಒಂದನೇ ದರ್ಜೆ ಅಂತಲೇ ಬರೀರಿ, ಆಯ್ತಲ್ಲ!"

ಈ ತೀರ್ಪು ಎಲ್ಲರಿಗೂ ಹಿಡಿಸಿತು. ಮಾಯಿಲಪ್ಪ ಹುರುಪಿನಿಂದ ಎರಡೂ ಬಾಗಿಲಿಗೆ ಬಿಳಿಯಲ್ಲಿ 'ಒಂದನೇ ದರ್ಜೆ' ಎಂದು ಬರೆದ. ಬಣ್ಣ ಉಳಿದಿತ್ತೆಂದು ಮೂಲೆಯ ಕಕ್ಕಸಿನ ಬಾಗಿಲಿಗೂ ಅದನ್ನೇ ಬರೆದ. ಸಮಾಧಾನದಿಂದ ಉಸಿರು ಬಿಟ್ಟು ಅಚ್ಚುತ ಹಿಂದಕ್ಕೆ ಒರಗಿದ. ಒರಗಿದ್ದು ಅಕ್ಷರದ ಮೇಲೆಯೇ. ಅಂಗಿಯ ಬೆನ್ನಿನಲ್ಲಿ ಒಂದನೇ ದರ್ಜೆ ಉಲ್ಟಾ ಅಚ್ಚಾಯಿತು. ಮಾಯಿಲಪ್ಪ ಬೈದುಕೊಂಡು ಮತ್ತೆ ಬರೆದ.

ಗಂಜಿ ಊಟ ಮುಗಿಯುವಾಗ ಮೊಯ್ದೀನ್ ಬ್ಯಾರಿಯ ಲಾರಿ ಬಂತು. ಅಚ್ಚುತ ಸರಪಳಿ ಎತ್ತಿಕೊಂಡು ತಾನೇ ಮುಂದೆ ಓಡಿದ. ಆದರೆ ಹುಡುಗರು ಬೋಗಿಯ ಸುತ್ತ ಕೈ ಕಟ್ಟಿ ನಿಂತಿದ್ದರು.

"ಹೊಸ ಬಣ್ಣ ಕೊಟ್ಟ ಗಾಡಿ ಪೂಜೆ ಇಲ್ಲದೆ ಹೊರಡ್ಲಿಕ್ಕೆ ಉಂಟಾ?" ಎಂದ ಒಬ್ಬ. "ಗಾಲಿ ಅಡಿಗೆ ಲಿಂಬೆಹುಳಿ ಇಡ್ಬೇಕು."

"ಇದು ಗಾಡಿ ಅಲ್ಲ, ವಾಚನಾಲಯ" ಎಂದ ಯಜ್ಞೇಶ್ವರ. "ತಲೆ ಮೇಲೆ ಮಾಡು ಉಂಟು, ಬಾಗಿಲು ಉಂಟು, ಕಿಟಿಕಿ ಉಂಟು. ಮನೆಯ ಲೆಕ್ಕವೇ. ಒಳಗೆ ಹಾಲು ಉಕ್ಕಿಸ್ಬೇಕು."

"ಗಾಲಿ ಇರುವ ಮನೆ ಎಲ್ಲಿಯಾದ್ರೂ ಉಂಟಾ?"

"ಕಕ್ಕಸು ಇರುವ ಗಾಡಿ ಉಂಟಾ?"

ಊರಿನವರು ಯಾರೂ ರೈಲಿನಲ್ಲಿ ಹೆಚ್ಚು ಓಡಾಡಿದವರಲ್ಲವಾದ್ದರಿಂದ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಲ್ಲರೂ ಮೊಯ್ದೀನ್ ಬ್ಯಾರಿಯ ಮುಖ ನೋಡಿದರು.

"ನನ್ನನ್ನು ಕೇಳ್ಬೇಡಿ" ಎಂದರು ಬ್ಯಾರಿ. "ನನ್ನ ಡ್ರೈವರ್ ಜತ್ತಪ್ಪ ಘಾಟಿ ಹತ್ತುವಾಗೆಲ್ಲ ಲಿಂಬೆಹುಳಿ ಇಡ್ತಾನೆ. ನಾನು ಬೇಡ ಅಂತ ಹೇಳುದಿಲ್ಲ. ಲಾರಿಯ ಬ್ರೇಕು ಹೇಗುಂಟು ಅಂತ ನನಗೇ ಗೊತ್ತುಂಟಲ್ಲ."

ಬಸ್ಸು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಅಚ್ಚುತ ಸರಪಳಿ ಕೆಳಗೆ ಹಾಕಿದ. "ಎರಡೂ ಮಾಡಿ! ಒಳಗೆ ಹಾಲು, ಹೊರಗೆ ಲಿಂಬೆಹುಳಿ. ಆದ್ರೆ ಬೇಗ ಮಾಡಿ!" ಎಂದು ಕಿರುಚಿದ.

ಹಾಲು ಉಕ್ಕಿಸಬೇಕಾದವಳು ಮನೆಯ ಹೆಂಗಸು. ಸೇವಂತಿಯನ್ನು ಕರೆದಾಗ ಅವಳು ಅಡಿಗೆಮನೆಯಿಂದಲೇ, "ಆ ಪೆಟ್ಟಿಗೆಯ ಒಳಗೆ ನನ್ನ ಹೆಣ ಕೂಡ ಹೋಗ್ಲಿಕ್ಕಿಲ್ಲ" ಎಂದಳು. ಹಾಗಾಗಿ ಚಿಮಿಣಿ ಎಣ್ಣೆಯ ಸ್ಟವ್ವು, ಹಾಲಿನ ಪಾತ್ರೆ ಹಿಡಿದು ಅಚ್ಚುತನೇ ಮೆತ್ತನೆಯ ಕೋಣೆಗೆ ಹತ್ತಿದ. ಹೊರಗೆ ನಾಲ್ಕು ಗಾಲಿಯ ಮುಂದೆ ನಾಲ್ಕು ಲಿಂಬೆಹುಳಿ ಇಟ್ಟರು.

ಗಾಲಿ ಹಣ್ಣನ್ನು ಅರೆಯದೆ ಗಾಡಿಪೂಜೆ ಪೂರೈಸುವುದಿಲ್ಲ. ಬೋಗಿ ನಾಲ್ಕು ಬೆರಳಿನಷ್ಟಾದರೂ ಮುಂದೆ ಹೋಗಬೇಕು. ಅದು ಇಡೀ ಮಳೆಗಾಲ ನಿಂತಲ್ಲೇ ನಿಂತಿತ್ತು, ಎಷ್ಟು ಗಟ್ಟಿಯಾಗಿ ಕೂತಿದೆಯೋ ಯಾರಿಗೆ ಗೊತ್ತು? ಆದ್ದರಿಂದ ಅಡ್ಡ ಕೊಟ್ಟ ಮರದ ತುಂಡುಗಳನ್ನೆಲ್ಲ ತೆಗೆದು, ಮಂಡಲದ ಅಷ್ಟೂ ಹುಡುಗರು ಹಿಂದಿನಿಂದ ಹೆಗಲು ಕೊಟ್ಟರು.

ಒಳಗೆ ಹಾಲು ಅಂಚಿಗೆ ಬರುತ್ತಿತ್ತು. "ಉಕ್ಕಿತು!" ಎಂದು ಕೂಗಿದ ಅಚ್ಚುತ.

"ನೂಕಿ!" ಎಂದ ಯಜ್ಞೇಶ್ವರ.

ಮಂಡಲದ ಹುಡುಗರು ಗಾಲಿಯ ಕೀಲುಗಳಿಗೆ ತಿಂಗಳುಗಟ್ಟಲೆ ಎಷ್ಟು ಶ್ರದ್ಧೆಯಿಂದ ಎಣ್ಣೆ ತಿಕ್ಕಿದ್ದರೆಂಬುದು ಆಗ ತಿಳಿಯಿತು. ಲಿಂಬೆಹುಳಿಗಳು ಪಿಚಕ್ಕೆಂದವು. ಬೋಗಿ ನಾಲ್ಕು ಬೆರಳು ಹೋಯಿತು, ನಾಲ್ಕು ಗೇಣು ಹೋಯಿತು, ಹಳಿ ಮುಗಿದರೂ ನಿಲ್ಲದೆ ಅಂಗಳದ ಅಂಚಿಗೆ ಹೋಯಿತು. ಅಂಗಳದ ಆಚೆ ಇಳಿಜಾರು, ಅದರ ಬುಡದಲ್ಲಿ ಸುಗ್ಗಿ ಬೆಳೆಗೆಂದು ಉತ್ತು ನೀರು ಬಿಟ್ಟಿದ್ದ ಅಚ್ಚುತನದೇ ಗದ್ದೆ.

"ಹಿಡೀರಿ! ಹಿಡೀರಿ!" ಎಂದು ಯಜ್ಞೇಶ್ವರ ಬೊಬ್ಬೆ ಹಾಕಿದ. ಹಿಡಿಯಲು ಹೋದವರ ಕೈಗೆ ಸಿಕ್ಕಿದ್ದು ಹಸಿ ಬಣ್ಣ ಮಾತ್ರ.

ಒಳಗಿದ್ದ ಅಚ್ಚುತನಿಗೆ ಕಿಟಿಕಿಯಲ್ಲಿ ತನ್ನ ಮನೆ ಹಿಂದಕ್ಕೆ ಓಡುವುದು ಕಂಡಿತು. ಹಟ್ಟಿ ಹೋಯಿತು, ಬೈಹುಲ್ಲಿನ ಮೆದೆ ಹೋಯಿತು, ಬಾಯಿ ತೆರೆದು ನಿಂತ ದನದ ಮುಖ ಹೋಯಿತು. ತಲೆಯ ಮೇಲೆ ಸರಪಳಿ ತೂಗುತ್ತಿತ್ತು. ಎಳೆದರೆ ರೈಲು ನಿಲ್ಲುತ್ತದೆಂದು ಅವನು ಕೇಳಿದ್ದ. ಎರಡೂ ಕೈಯಿಂದ ಎಳೆದ. ಸರಪಳಿ, ಅದರ ಕೊಕ್ಕೆ, ಕೊಕ್ಕೆಯ ಹಲಗೆ ಎಲ್ಲವೂ ಕೈಗೆ ಬಂದವು. ಜೊತೆಗೆ ಹಾಲೂ ಸ್ಟವ್ವನ್ನು ಆರಿಸಿ ಅಂಗಿಗೆ ಬಂತು. ಮರುಗಳಿಗೆ ಪಚಕ್ ಎಂದು ಗದ್ದೆಯ ಕೆಸರು ಚಿಮ್ಮಿ, ಲೋಕ ನಿಂತಿತು.

ಹುಡುಗರು ಎದ್ದೂ ಬಿದ್ದೂ ಓಡಿ ಬಂದರು. ಅಚ್ಚುತ ಬಾಗಿಲು ತೆರೆದು ಮೊಣಕಾಲಿನವರೆಗೆ ಕೆಸರಿಗೆ ಇಳಿದ. ಕೈಕಾಲು ಇದ್ದಲ್ಲೇ ಇದ್ದವು. ಬೋಗಿಯೂ ಮುಕ್ಕಾಗಿರಲಿಲ್ಲ, ಗಾಲಿ ಮುಳುಗಿ ನಡುಗದ್ದೆಯಲ್ಲಿ ನೆಟ್ಟಗೆ ಕೂತಿತ್ತು.

ಮೊಯ್ದೀನ್ ಬ್ಯಾರಿ ಅಂಗಳದ ಅಂಚಿನಿಂದ ಇಣುಕಿ ನೋಡಿದರು. "ಲಾರಿ ಬೇಡ ಅಂತ ಮೊದಲೇ ಹೇಳಿದ್ರೆ ನಾನು ಮಲಗ್ತಿದ್ದೆ ಗೌಡ್ರೆ" ಎಂದು ಸರಪಳಿ ಸುತ್ತಿಕೊಂಡು ಹೊರಟೇ ಹೋದರು.

ಮೇಲೆ ಬಂದ ಅಚ್ಚುತ ಅಂಗಳ ನೋಡಿ ಅಲ್ಲೇ ನಿಂತ. ಅಂಗಳ ಖಾಲಿ! ತನ್ನ ಅಂಗಳ ಇಷ್ಟು ದೊಡ್ಡದೆಂಬುದೇ ಅವನಿಗೆ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬಂತು. ಗದ್ದೆ ಹಾಳಾದದ್ದು, ಸೊಂಟ ಉಳುಕಿದ್ದು ಯಾವುದೂ ಆ ಸಂತೋಷದ ಮುಂದೆ ದೊಡ್ಡದೆನಿಸಲಿಲ್ಲ. ಸೇವಂತಿ ಸರಸರ ಗುಡಿಸಿ ಚಾಪೆ ಹಾಸಿದಳು. ಹುಡುಗರಿಗೆಲ್ಲ, ಒಬ್ಬರೂ ಮೇಲೆ ತಲೆ ಹಾಕಕೂಡದೆಂದು ಹೇಳಿ ಬೋಗಿಯ ಹಿಂದೆ ಅಡಗಿಸಿದ್ದಾಯಿತು. ಅಚ್ಚುತ ಅಂಗಿ ಬದಲಿಸಲು ಒಳಗೆ ಕಾಲಿಡುವಷ್ಟರಲ್ಲಿ ಬೇಲಿಯ ದಣಪೆಯ ಹತ್ತಿರ ಪೂವಮ್ಮನ ದನಿ ಕೇಳಿತು.

ಕೊಡೆ ಹಿಡಿದ ಕುಕ್ಕಪ್ಪ ಗೌಡರು ಮುಂದೆ, ಅವರ ಹಿಂದೆ ಹುಡುಗ ಕೃಷ್ಣಮೋಹನ, ಅವನ ಹಿಂದೆ ಪೂವಮ್ಮ. ಅಚ್ಚುತ ಕೆಸರು, ಹಾಲು, ಬಣ್ಣದ ಸಮೇತ ಕೈ ಮುಗಿದ. ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಅವರನ್ನು ಚಾಪೆಯ ಮೇಲೆ ಕೂರಿಸಿದ.

ಲೋಲಾಕ್ಷಿ ಕಾಪಿ ತಂದಳು. ಕೃಷ್ಣಮೋಹನ ಲೋಟ ತೆಗೆದುಕೊಳ್ಳುತ್ತ ತಲೆ ಎತ್ತಿದ. ಅವಳೂ ನೋಡಿದಳು. ಇಬ್ಬರ ಮುಖವೂ ಒಮ್ಮೆಗೇ ಕೆಂಪಾದದ್ದನ್ನು ಕಂಡು ಅಚ್ಚುತನ ಎದೆ ತಂಪಾಯಿತು. ದೇವರೇ, ಇದೊಂದು ಆಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಆದರೆ ಕುಕ್ಕಪ್ಪ ಗೌಡರು ಹುಡುಗಿಯನ್ನು ನೋಡಲಿಲ್ಲ. ಅವರ ಕಣ್ಣು ಅಂಗಳದ ಆ ಮೂಲೆಯಿಂದ ಈ ಮೂಲೆಗೆ ಓಡುತ್ತಿತ್ತು. ಎದ್ದು ಹಟ್ಟಿಯ ಹಿಂದೆ ಹೋಗಿ ಬಂದರು. ಬಾವಿಯ ಬದಿಗೆ ಹೋಗಿ ಬಂದರು. ಮರಳಿ ಕೂತಾಗ ಅವರ ಮುಖ ಬಾಡಿತ್ತು. ಕಾಪಿಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, ಪೂವಮ್ಮನ ಕಿವಿಯಲ್ಲಿ ಏನೋ ಹೇಳಿದರು. ಪೂವಮ್ಮನ ಕಣ್ಣು ಅಗಲವಾಯಿತು.

"ಅಚ್ಚುತ, ಎಲ್ಲಿ ಅದು?"

"ಯಾವುದು ಪೂವಕ್ಕ?"

"ನಿನ್ನ ರೈಲು ಮಾರಾಯ!"

"ಅದನ್ನು ತೆಗ್ಸಿದೆ" ಎಂದ ಅಚ್ಚುತ ಹೆಮ್ಮೆಯಿಂದ. "ಇನ್ನು ಅದರ ಉಪದ್ರ ಇಲ್ಲ."

ಕುಕ್ಕಪ್ಪ ಗೌಡರು ಕೊಡೆ ಎತ್ತಿಕೊಂಡು ಎದ್ದರು. "ತೆಗ್ಸಿದ್ರಾ? ಹಾಗಾದ್ರೆ ನಾವು ಹೊರಡುದು."

"ಅಯ್ಯೋ, ಯಾಕೆ?"

"ಗೌಡ್ರೆ, ನಮ್ಮ ಹುಡುಗನಿಗೆ ಮರ್ಕಂಜದಿಂದಲೂ ಸಂಬಂಧ ಬಂದಿತ್ತು. ದೊಡ್ಡ ತೋಟದವರು. ನಾನು ಬೇಡ ಹೇಳಿದೆ. ಯಾಕೆ? ಹೆಣ್ಣಿನ ಮನೆಯ ಅಂಗಳದಲ್ಲಿ ಸ್ವಂತ ರೈಲು ಉಂಟು ಅಂತ ಈ ಪೂವಮ್ಮ ಹೇಳಿದ್ದಕ್ಕೆ. ಇಡೀ ಗುತ್ತಿಗಾರಿಗೆ ಹೇಳಿಕೊಂಡು ಬಂದಿದ್ದೇನೆ. ನಮ್ಮ ಕಡೆಯವರು ಮದುವೆಗೆ ಬರುದೇ ಅದರಲ್ಲಿ ಕೂರ್ಲಿಕ್ಕೆ. ಈಗ ಹೋಗಿ ಎಂತ ಹೇಳ್ಲಿ? ನನಗೆ ಎಪ್ಪತ್ತು ದಾಟಿತು. ಒಮ್ಮೆಯಾದ್ರೂ ರೈಲಿನಲ್ಲಿ ಕೂರುವಾ ಅಂತ ಬಂದವ ನಾನು."

ಬಾಗಿಲ ಹಿಂದಿನಿಂದ ಲೋಲಾಕ್ಷಿಯ ದನಿ ಬಂತು. "ಅಣ್ಣ, ಹುಡುಗನನ್ನೂ ಒಮ್ಮೆ ಕೇಳು, ಅವರಿಗೆ ಬೇಕಾದ್ದು ರೈಲಾ ಅಂತ."

"ನನಗೆ ರೈಲು ಬೇಡ" ಎಂದ ಕೃಷ್ಣಮೋಹನ ಥಟ್ಟನೆ. ಆಮೇಲೆ ಅಜ್ಜನ ಮುಖ ನೋಡಿ ದನಿ ತಗ್ಗಿಸಿದ. "ಆದ್ರೆ ಅಜ್ಜನಿಗೆ ಬೇಕು."

ತಂಗಿಯ ನೆರಳು ಬಾಗಿಲ ಸಂದಿಯಲ್ಲಿ ಅಲ್ಲಾಡದೆ ನಿಂತಿತ್ತು. ಅಚ್ಚುತ ಸೇವಂತಿಯ ಕಡೆ ನೋಡಿದ. ಸೇವಂತಿ ಆಕಾಶದ ಕಡೆ ನೋಡಿದಳು.

"ರೈಲು ಎಲ್ಲಿಗೂ ಹೋಗ್ಲಿಲ್ಲ ಅಜ್ಜ" ಎಂದ ಅಚ್ಚುತ, ಗಂಟಲು ಸರಿಮಾಡಿಕೊಂಡು. "ಸ್ವಲ್ಪ ಕೆಳಗೆ ನಿಲ್ಲಿಸಿದ್ದು. ಬನ್ನಿ."

ದಾರಿ ತೋರಿಸಲು ಅವನು ಬೆನ್ನು ತಿರುಗಿಸಲೇಬೇಕಾಯಿತು. ಉಲ್ಟಾ ಅಕ್ಷರಗಳನ್ನು ಕಂಡು, ಅದು ರೈಲಿನವರ ಭಾಷೆ ಇರಬೇಕೆಂದುಕೊಂಡು ಕುಕ್ಕಪ್ಪ ಗೌಡರು ಗೌರವದಿಂದ ಹಿಂಬಾಲಿಸಿದರು. ಗದ್ದೆಯ ನಡುವೆ ಕೆಂಪಗೆ ಹೊಳೆಯುತ್ತಿದ್ದ ಬೋಗಿ ಕಂಡದ್ದೇ ಅವರ ಮುಖ ಅರಳಿತು. ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಅಡಗಿದ್ದ ಹುಡುಗರೆಲ್ಲ ಎದ್ದು ಬಂದು ಅವರನ್ನು ಮೇಲೆತ್ತಿ ಮೆತ್ತನೆಯ ಆಸನದ ಮೇಲೆ ಕೂರಿಸಿದರು. ಮುದುಕರು ಆಸನವನ್ನು ಸವರಿ ನೋಡಿದರು, ಬಾಗಿಲು ಬಾಗಿಲು ಓದಿದರು.

"ಎಲ್ಲವೂ ಒಂದನೇ ದರ್ಜೆ! ಕಕ್ಕಸು ಕೂಡ! ಇದು ಮನೆತನ ಅಂದ್ರೆ. ಹುಡುಗಿ ಒಪ್ಪಿಗೆ ಗೌಡ್ರೆ. ಆದ್ರೆ ರೈಲು ಅಂಗಳದಲ್ಲೇ ಇರ್ಬೇಕು. ಮದುವೆಗೂ ಇರ್ಬೇಕು, ಆಮೇಲೂ ಇರ್ಬೇಕು. ಸೊಸೆ ತವರಿಗೆ ಬರುವಾಗ ನಾವೂ ಬಂದು ನಾಲ್ಕು ದಿನ ಇದರಲ್ಲಿ ಇರುವಾ."

"ವಾಚನಾಲಯ ಅಂಗಳದಲ್ಲಿ ಆದ್ರೆ ಮಂಡಲದ ಅಡ್ಡಿ ಇಲ್ಲ" ಎಂದ ಯಜ್ಞೇಶ್ವರ. "ಶಾಲೆಗಿಂತ ಇಲ್ಲಿ ಗಾಳಿ ಚಂದ ಉಂಟು. ಬನ್ನಿ ಅಚ್ಚುತಣ್ಣ, ಹೆಗಲು ಕೊಡಿ, ಮೇಲೆ ಹತ್ತಿಸುವಾ."

ಕುಕ್ಕಪ್ಪ ಗೌಡರು ಇಳಿಯಲು ಒಪ್ಪಲಿಲ್ಲ. ಕಿಟಿಕಿಯಲ್ಲಿ ಮೊಣಕೈ ಊರಿ ಕೂತರು. ಅಚ್ಚುತ ಕೆಸರಿನಲ್ಲಿ ಕಾಲು ಹುಗಿದು ಬೋಗಿಯ ಹಿಂಬದಿಗೆ ಹೆಗಲು ಕೊಟ್ಟ. ಪಕ್ಕದಲ್ಲಿ ಯಾರೋ ಅಂಗಿಯ ತೋಳು ಮಡಚಿ ಬಂದು ನಿಂತರು. ನೋಡಿದರೆ ಕೃಷ್ಣಮೋಹನ. ಮದುಮಗ ತಾನಾಗಿ ಕೆಸರಿಗೆ ಇಳಿದದ್ದನ್ನು ಕಂಡು ಅಚ್ಚುತನಿಗೆ ಅಷ್ಟು ಸಂಕಟದಲ್ಲೂ ಸಂತೋಷವಾಯಿತು. ಎಂಥ ಚಿನ್ನದಂಥ ಹುಡುಗ! ತಂಗಿ ಸುಖವಾಗಿರುತ್ತಾಳೆ.

"ನೀವು ಯಾಕೆ ಕಷ್ಟ ಪಡುದು?" ಎಂದ.

"ಕಷ್ಟ ಎಂತದ್ದು ಬಾವ" ಎಂದ ಕೃಷ್ಣಮೋಹನ ನಾಚುತ್ತ. "ನಾನು ಗುತ್ತಿಗಾರಿನ ಯುವಕ ಮಂಡಲದ ಕಾರ್ಯದರ್ಶಿ. ನಿಮಗೆ ಗೊತ್ತಿಲ್ಲವಾ? ನಮ್ಮಲ್ಲಿ ಹುಡುಗರು ಸುಮಾರು ಉಂಟು, ಕೆಲಸ ಮಾತ್ರ ಇಲ್ಲ. ಇನ್ನು ಭಾನುವಾರ ಭಾನುವಾರ ಎಲ್ಲರನ್ನೂ ಕರ್ಕೊಂಡು ಬರ್ತೇನೆ. ಈ ಬಣ್ಣ ಹಿಡೀಲಿಲ್ಲ ನೋಡಿ, ಪೂರ್ತಿ ಕೆರೆದು ಮೊದಲಿಂದ ಮಾಡುವಾ."

ಅಚ್ಚುತ ಬೋಗಿಯಿಂದ ಮೆಲ್ಲ ಹೆಗಲು ತೆಗೆದ. ಬೋಗಿಯ ಒಳಗಿನಿಂದ ಕುಕ್ಕಪ್ಪ ಗೌಡರು ತಲೆ ಹೊರಗೆ ಹಾಕಿ, ಇನ್ನೂ ಯಾಕೆ ಹೊರಡಲಿಲ್ಲ ಎಂದು ಕೇಳಿದರು.